ಬಿಟ್ಟುಹೋದ ಬೆಕ್ಕುಗಳಿಗೆ ಆಸರೆ: ಎಲ್ಲವನ್ನೂ ಒಳಗೆ ತರಬೇಕಾ?

ಪ್ರಶ್ನೆ: ಕಾರವಾರದ ಕೋಡಿಬಾಗದ ಒಂದು ಹಳೆ ಹೆಂಚಿನ ಮನೆಯಲ್ಲಿ ನಾವು ನಾಲ್ವರು ಗೆಳತಿಯರು ಬಿಟ್ಟುಹೋದ ಬೆಕ್ಕುಗಳನ್ನು ನೋಡಿಕೊಳ್ಳುತ್ತಿದ್ದೇವೆ. ಈಗ 22 ಇವೆ. ಮೀನು ಮಾರ್ಕೆಟ್, ಬೈತಖೋಲ, ಬಸ್ ಸ್ಟ್ಯಾಂಡ್ ಕಡೆಯಿಂದ ಜನ ಮರಿಗಳನ್ನು ತಂದು ಕೊಡುತ್ತಲೇ ಇರುತ್ತಾರೆ. ಕಳೆದ ತಿಂಗಳು ಐದಾರು ಮರಿಗಳು ವಾಂತಿ, ಭೇದಿಯಾಗಿ ಎರಡೇ ದಿನದಲ್ಲಿ ಸತ್ತವು. ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತೇವೆ, ಆದರೂ ಹೀಗಾಯಿತು. ಮನೆ ಖಾಲಿ ಮಾಡಿದವರು ಬಿಟ್ಟುಹೋದ ಒಂದು ದೊಡ್ಡ ಗಂಡು ಬೆಕ್ಕು ನಿನ್ನೆಯಿಂದ ಕಪಾಟಿನ ಹಿಂದೆಯೇ ಕೂತಿದೆ, ಏನೂ ತಿನ್ನುತ್ತಿಲ್ಲ. ಶಿರಸಿ ಕಡೆಯ ತೋಟದ ಮನೆಯವರೊಬ್ಬರು ಇಲಿ ಹಿಡಿಯಲು ಬೆಕ್ಕು ಕೊಡಿ ಎನ್ನುತ್ತಿದ್ದಾರೆ, ಕೊಡಬಹುದಾ? ನಾವು ಎಲ್ಲಿ ತಪ್ಪುತ್ತಿದ್ದೇವೆ, ಡಾಕ್ಟರೇ?

ಉತ್ತರ: ಮೊದಲು ಕಪಾಟಿನ ಹಿಂದಿರುವ ಬೆಕ್ಕಿನ ವಿಷಯ. ಉಳಿದದ್ದನ್ನು ನಾಳೆ ಮಾಡಿದರೂ ನಡೆಯುತ್ತದೆ, ಇದನ್ನು ಇವತ್ತೇ ನೋಡಬೇಕು.

ನಾಯಿ ಎರಡು ದಿನ ಊಟ ಬಿಟ್ಟರೆ ಸುಧಾರಿಸಿಕೊಳ್ಳುತ್ತದೆ. ಬೆಕ್ಕಿನ ಮೈ ಹಾಗಲ್ಲ. ಎರಡು-ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಅದರ ಮೈಯ ಕೊಬ್ಬು ಹೋಗಿ ಲಿವರಿನಲ್ಲಿ ತುಂಬಿಕೊಳ್ಳಲು ಶುರುವಾಗುತ್ತದೆ. ಆಮೇಲೆ ಲಿವರ್ ಕೆಲಸ ಮಾಡುವುದಿಲ್ಲ. ಕಣ್ಣು, ಕಿವಿ, ಒಸಡು ಹಳದಿಯಾಗುತ್ತವೆ. ಮನೆಯಲ್ಲಿ ಚೆನ್ನಾಗಿ ತಿಂದು ದಪ್ಪಗಾಗಿದ್ದ ಬೆಕ್ಕಿಗೇ ಈ ಅಪಾಯ ಜಾಸ್ತಿ. ನಿಮ್ಮದು ಗಂಡು ಬೆಕ್ಕು, ಹಾಗಾಗಿ ಇನ್ನೊಂದನ್ನೂ ನೋಡಿ: ಅದು ಮೂತ್ರ ಮಾಡಿದೆಯಾ? ಹೆದರಿದ ಗಂಡು ಬೆಕ್ಕಿಗೆ ಮೂತ್ರದ ದಾರಿ ಕಟ್ಟಿಕೊಳ್ಳುವುದುಂಟು. 24 ಗಂಟೆಯಲ್ಲಿ ಒಂದು ಹನಿಯೂ ಹೋಗಿಲ್ಲ, ಅಥವಾ ಮತ್ತೆ ಮತ್ತೆ ಕೂತು ತಿಣುಕುತ್ತಿದೆ ಎಂದಾದರೆ ಬೇರೆ ಏನನ್ನೂ ನೋಡಬೇಡಿ. ಬುಟ್ಟಿಗೆ ಹಾಕಿಕೊಂಡು ನೇರ ಪಶುವೈದ್ಯರ ಹತ್ತಿರ ಹೋಗಿ.

ಮೂತ್ರ ಸರಿಯಿದ್ದರೆ, ಅದಕ್ಕೆ ಒಂದು ಸಣ್ಣ ಕೋಣೆ ಬೇಕು. ಬೇರೆ ಬೆಕ್ಕಿನ ಮುಖವೂ ವಾಸನೆಯೂ ಇಲ್ಲದ ಜಾಗ. ಬಚ್ಚಲು ಮನೆಯಾದರೂ ಸರಿ. ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿ ಇಟ್ಟು, ಬಾಯಿಗೆ ಅರ್ಧ ಬಟ್ಟೆ ಇಳಿಬಿಡಿ. ಬೆಕ್ಕು ಅಡಗಿ ಕೂತರೆ ನಮ್ಮಲ್ಲಿ ಹಲವರು ಎಳೆದು ಹೊರಗೆ ತಂದು ಮುದ್ದು ಮಾಡುತ್ತಾರೆ, ಭಯ ಹೋಗಲಿ ಎಂದು. ಅದರಿಂದ ಭಯ ಜಾಸ್ತಿಯಾಗುತ್ತದೆ ಅಷ್ಟೇ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೆದರ್ಲೆಂಡ್ಸ್‌ನ ಶೆಲ್ಟರ್‌ಗೆ ಹೊಸದಾಗಿ ಬಂದ ಕೆಲವು ಬೆಕ್ಕುಗಳಿಗೆ ಅಡಗಲು ಪೆಟ್ಟಿಗೆ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕವು ಬೇಗ ಸುಧಾರಿಸಿಕೊಂಡವು. ಅಡಗಲು ಜಾಗವಿದೆ ಎಂಬ ಧೈರ್ಯ ಬಂದ ಮೇಲೆಯೇ ಬೆಕ್ಕು ಹೊರಗೆ ಬರುತ್ತದೆ.

ಬೇಯಿಸಿದ ಮೀನು ಅಥವಾ ಕೋಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಪೆಟ್ಟಿಗೆಯ ಹತ್ತಿರ ಇಡಿ. ಬಿಸಿ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕಿಗೆ ಹಸಿವು ಏಳುವುದು ಮೂಗಿನಿಂದಲೇ. ಇಟ್ಟು ಹೊರಗೆ ಬನ್ನಿ. ಹೊಸ ಬೆಕ್ಕು ಹೆಚ್ಚಾಗಿ ರಾತ್ರಿ, ಯಾರೂ ಇಲ್ಲದಾಗ ತಿನ್ನುತ್ತದೆ. ಬೆಳಿಗ್ಗೆ ತಟ್ಟೆ ಹಾಗೇ ಇದ್ದರೆ, ಎರಡು ದಿನ ತುಂಬುವ ಮೊದಲೇ ಡಾಕ್ಟರಿಗೆ ತೋರಿಸಿ.

ಈಗ ಸತ್ತ ಮರಿಗಳ ವಿಷಯ. ನೋಡದೆ ಖಚಿತ ಹೇಳಲಾಗದು. ಆದರೆ ವಾಂತಿ, ಭೇದಿ, ಎರಡು ದಿನದಲ್ಲಿ ಸಾವು, ಒಂದರ ಹಿಂದೆ ಒಂದು, ಇಷ್ಟು ಕೇಳಿದರೆ ಯಾವ ಪಶುವೈದ್ಯರಿಗೂ ಮೊದಲು ಬರುವ ಅನುಮಾನ ಪ್ಯಾನ್‌ಲ್ಯುಕೋಪೀನಿಯಾ. ಇದು ನಾಯಿಮರಿಗಳಿಗೆ ಬರುವ ಪಾರ್ವೋದ ಜಾತಿಗೇ ಸೇರಿದ ವೈರಸ್. ಕರುಳಿನ ಒಳಪದರವನ್ನೂ, ಬಿಳಿ ರಕ್ತಕಣ ಹುಟ್ಟುವ ಮೂಳೆಯ ಮಜ್ಜೆಯನ್ನೂ ಒಟ್ಟಿಗೆ ಹಾಳು ಮಾಡುತ್ತದೆ. ಮರಿ ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕೂರುತ್ತದೆ, ಆದರೆ ಕುಡಿಯುವುದಿಲ್ಲ. ಈ ನೋಟವನ್ನು ನೆನಪಿಟ್ಟುಕೊಳ್ಳಿ. ಇನ್ನೊಮ್ಮೆ ಕಂಡರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಗ್ಲುಕೋಸ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ತಗಲದಂತೆ ಆಂಟಿಬಯೋಟಿಕ್ ಕೊಟ್ಟು ಮರಿಯನ್ನು ದಾಟಿಸಬೇಕು. ಬೇಗ ತಂದರೆ ಒಂದಷ್ಟು ಬದುಕುತ್ತವೆ.

ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ಒಂದು ವರ್ಷದ ತನಕ ಬದುಕಬಲ್ಲದು. ಫಿನಾಯಿಲ್‌ಗೆ ಅದು ಸಾಯುವುದಿಲ್ಲ. ನೀವು ದಿನಕ್ಕೆ ಎರಡು ಸಲ ಒರೆಸಿದ್ದು ನಿಮ್ಮ ಕಾಳಜಿ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಒರೆಸುವ ಬಟ್ಟೆಯೇ ಒಂದು ಕೋಣೆಯಿಂದ ಇನ್ನೊಂದಕ್ಕೆ ರೋಗ ಹೊತ್ತಿರಬಹುದು. ಇವತ್ತಿಂದಲೇ ಫಿನಾಯಿಲ್ ನಿಲ್ಲಿಸಿ. ಅದು ರೋಗವನ್ನು ತಡೆಯುವುದಿಲ್ಲ, ಮೇಲಿಂದ ಬೆಕ್ಕಿಗೆ ವಿಷ. ಬೆಕ್ಕಿನ ಲಿವರಿಗೆ ಫಿನಾಲ್ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ತುಂಬಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ. ಡೆಟಾಲ್‌ನಂಥವುಗಳೂ ಬೇಡ. ಇದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ಕೂಡದು. ಜ್ವರ ಬಂದಿದೆ ಎಂದು ಮನೆಯಲ್ಲಿದ್ದ ಒಂದೇ ಒಂದು 500 ಮಿಲಿಗ್ರಾಂ ಮಾತ್ರೆ ಕೊಟ್ಟರೂ ಬೆಕ್ಕು ಸಾಯಬಹುದು. ನಾಯಿಯ ಬೆನ್ನಿಗೆ ಹಾಕುವ ಚಿಗಟದ ಔಷಧಿಗಳಲ್ಲಿ ಪರ್ಮೆತ್ರಿನ್ ಎಂದು ಬರೆದಿದ್ದರೆ ಅದನ್ನೂ ಬೆಕ್ಕಿಗೆ ಮುಟ್ಟಿಸಬೇಡಿ. ಇದಿಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಹೊಸದಾಗಿ ಕೈಜೋಡಿಸುವವರಿಗೂ ಗೊತ್ತಾಗಲಿ.

ಫಿನಾಯಿಲ್ ಬದಲು ಬಟ್ಟೆಗೆ ಬಳಸುವ ದ್ರವ ಬ್ಲೀಚ್ ತನ್ನಿ, ಸುಮಾರು ಶೇ. 5ರದ್ದು. ಒಂದು ಪಾಲು ಬ್ಲೀಚಿಗೆ 32 ಪಾಲು ನೀರು. ಮೊದಲು ಸೋಪಿನ ನೀರಿನಲ್ಲಿ ಕೊಳೆ ತೆಗೆಯಿರಿ, ಏಕೆಂದರೆ ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಬ್ಲೀಚ್ ನೀರು ಹಾಕಿ 10 ನಿಮಿಷ ಬಿಡಿ. ತೊಳೆದು ಒಣಗಿಸಿ. ಅಷ್ಟು ಹೊತ್ತು ಬೆಕ್ಕುಗಳು ಬೇರೆ ಕಡೆ ಇರಲಿ. ಪ್ರತಿದಿನ ಹೊಸದಾಗಿ ಕಲಸಿ. ರಟ್ಟು, ಗೋಣಿಚೀಲ, ಹಳೆ ಹಾಸಿಗೆಗಳನ್ನು ಸುಟ್ಟುಬಿಡಿ. ಮಣ್ಣಿನ ನೆಲವಿರುವ ಕೋಣೆ ಇದ್ದರೆ ಅದನ್ನು ಶುದ್ಧ ಮಾಡಲು ಆಗದು, ಲಸಿಕೆ ಪೂರ್ತಿಯಾಗದ ಮರಿಗಳನ್ನು ಅಲ್ಲಿ ಬಿಡಲೇಬೇಡಿ.

ಲಸಿಕೆಗೆ ಬರೋಣ. ಮನೆಯಲ್ಲಿ ಒಂದೇ ಬೆಕ್ಕಿದ್ದರೆ, ಬಂದು ನಾಲ್ಕು ದಿನ ಸುಧಾರಿಸಿಕೊಳ್ಳಲಿ, ಆಮೇಲೆ ಲಸಿಕೆ ಹಾಕಿಸೋಣ ಎನ್ನಬಹುದು. ಹತ್ತಾರು ಬೆಕ್ಕುಗಳಿರುವ ಕಡೆ ಆ ಲೆಕ್ಕ ನಡೆಯದು. ಬಂದ ದಿನವೇ ಲಸಿಕೆ. ಪ್ಯಾನ್‌ಲ್ಯುಕೋಪೀನಿಯಾ, ನೆಗಡಿ ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್, ಈ ಮೂರಕ್ಕೂ ಸೇರಿದ ಒಂದೇ ಇಂಜೆಕ್ಷನ್ ಸಿಗುತ್ತದೆ. ಶೆಲ್ಟರಿನಲ್ಲಿ ನಾಲ್ಕು ವಾರದ ಮರಿಯಿಂದಲೇ ಶುರು ಮಾಡಬಹುದು, ನಿಮ್ಮ ಡಾಕ್ಟರ ಜತೆ ಮಾತಾಡಿ. ಎರಡು-ಮೂರು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವ ತನಕ. ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ.

ಹೊಸದಾಗಿ ಬಂದ ಬೆಕ್ಕು 14 ದಿನ ಬೇರೆಯೇ ಇರಬೇಕು. ಬೇರೆ ಎಂದರೆ ಬೇರೆ ಬಾಗಿಲು, ಬೇರೆ ಬಟ್ಟಲು, ಬೇರೆ ಪೊರಕೆ, ಬೇರೆ ಚಪ್ಪಲಿ. ಅದರ ಕೆಲಸವನ್ನು ದಿನದ ಕೊನೆಗೆ ಮಾಡಿ. ಅಲ್ಲಿಂದ ನೇರ ಕೈಕಾಲು ತೊಳೆದು ಮನೆಗೆ ಹೋಗಬೇಕು, ಮರಿಗಳ ಕೋಣೆಗೆ ಅಲ್ಲ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ತಿಂಗಳುಗಳಲ್ಲಿ ನಿಮ್ಮ ಹೆಂಚಿನ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ ಅಲ್ವಾ? ಆ ಥಂಡಿಯಲ್ಲಿ ಎರಡು ಕಾಯಿಲೆ ಹೊಸ ಬೆಕ್ಕಿನ ಬೆನ್ನು ಹತ್ತಿ ಬರುತ್ತವೆ. ಒಂದು ನೆಗಡಿಯ ವೈರಸ್. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗದು, ವಾಸನೆ ಸಿಗದೆ ಅದು ತಿನ್ನದು. ಬಿಸಿನೀರಿನ ಹಬೆಯಿರುವ ಬಚ್ಚಲಲ್ಲಿ ಹತ್ತು ನಿಮಿಷ ಇಟ್ಟುಕೊಂಡರೆ ಮೂಗು ಸಡಿಲವಾಗುತ್ತದೆ. ಇನ್ನೊಂದು ಹುಳಕಡ್ಡಿ. ಹೆಸರು ಹಾಗಿದ್ದರೂ ಅದು ಬೂಷ್ಟಿನಿಂದ ಬರುವುದು. ಬೆಕ್ಕಿನ ಕಿವಿ, ಮೂಗಿನ ಸುತ್ತ ಕೂದಲು ಉದುರಿ ದುಂಡಗೆ ಕಾಣುತ್ತದೆ. ನಿಮಗೂ ಮನೆಯ ಮಕ್ಕಳಿಗೂ ಅಂಟುತ್ತದೆ. ಪ್ರಾಣಾಪಾಯವಿಲ್ಲ, ಆದರೆ ವಾರಗಟ್ಟಲೆ ಔಷಧಿ ಬೇಕು. ಇದಕ್ಕೂ ಮದ್ದು ಆ 14 ದಿನದ ಕೋಣೆಯೇ.

ಇಷ್ಟು ಓದಿದ ಮೇಲೆ ನಿಮಗೇ ಅನಿಸಿರಬಹುದು, 22 ಬೆಕ್ಕಿಗೆ ಇದನ್ನೆಲ್ಲ ಮಾಡುವುದು ಹೇಗೆ ಎಂದು. ನಾನು ನಿಮಗೆ ಮುಖ್ಯವಾಗಿ ಹೇಳಬೇಕಿರುವುದು ಇದನ್ನೇ. ಶೆಲ್ಟರ್ ವೈದ್ಯರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಬರೀ ಸ್ವಚ್ಛತೆ ಮತ್ತು ಊಟಕ್ಕೆ ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ. ಗುಂಪಿನಲ್ಲಿರುವ ಒಂದು ದೊಡ್ಡ ಬೆಕ್ಕಿಗೆ ಕನಿಷ್ಠ 18 ಚದರ ಅಡಿ ಜಾಗ. ನಿಮ್ಮ 22ಕ್ಕೆ ಗುಣಿಸಿ. ದಿನಕ್ಕೆ ಐದೂವರೆ ತಾಸು ಕೆಲಸ, ಸುಮಾರು 400 ಚದರ ಅಡಿ ನೆಲ. ಔಷಧಿ ಕೊಡುವುದು, ಮರಿಗೆ ಹಾಲು ಕುಡಿಸುವುದು, ಹೆದರಿದ ಬೆಕ್ಕಿನ ಹತ್ತಿರ ಸುಮ್ನೆ ಕೂರುವುದು ಇದರಲ್ಲಿ ಸೇರಿಲ್ಲ. ನಾಲ್ವರಿಗೂ ಮನೆ, ಕೆಲಸ ಇರುತ್ತದೆ. ನಾಲ್ವರೂ ಸೇರಿ ದಿನಕ್ಕೆ ಮೂರು ತಾಸು ಕೊಡಬಲ್ಲಿರಿ ಎಂದಾದರೆ ನಿಮ್ಮ ಶಕ್ತಿ ಹನ್ನೆರಡು ಬೆಕ್ಕು. ಹದಿಮೂರನೆಯದು ಒಳಗೆ ಬಂದರೆ ಉಳಿದ ಹನ್ನೆರಡರ ಪಾಲು ಕಡಿಮೆಯಾಗುತ್ತದೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಜಾಗಕ್ಕಿಂತ ಜಾಸ್ತಿ ತುಂಬಿಸಿದ ಕಡೆ ರೋಗ ನುಗ್ಗುತ್ತದೆ, ಮತ್ತು ಮೊದಲು ಸಾಯುವುದು ಮರಿಗಳು.

ಹಾಗಾದರೆ ಹೊರಗಿನವುಗಳ ಗತಿ? ಎಲ್ಲ ಬೆಕ್ಕಿಗೂ ಶೆಲ್ಟರ್ ಬೇಕಿಲ್ಲ. ಜನ ತಂದು ಕೊಡುವ ಬೆಕ್ಕುಗಳನ್ನು ಬಾಗಿಲಲ್ಲೇ ಬೇರೆ ಮಾಡಿ ನೋಡಿ.

ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದ ಬೆಕ್ಕು, ಕಾಯಿಲೆ ಬಿದ್ದದ್ದು, ಗಾಯಗೊಂಡದ್ದು, ನಿಜವಾಗಿ ತಾಯಿ ಕಳೆದುಕೊಂಡ ಮರಿ. ನಿಮ್ಮ ಹನ್ನೆರಡು ಜಾಗ ಇವಕ್ಕೆ. ಮನೆಯ ಬೆಕ್ಕಿಗೆ ಬೀದಿಯಲ್ಲಿ ಬದುಕಿ ಗೊತ್ತಿಲ್ಲ. ವರ್ಗಾವಣೆಯಾಯಿತು, ಮದುವೆಯಾಯಿತು, ಮಗು ಹುಟ್ಟಿತು ಎಂದು ಅದನ್ನು ಗೋಣಿಚೀಲದಲ್ಲಿ ಕಟ್ಟಿ ಮಾರ್ಕೆಟ್ ಹತ್ತಿರ ಬಿಟ್ಟು, ಮೀನು ತಿಂದು ಬದುಕಿಕೊಳ್ಳುತ್ತದೆ ಎಂದುಕೊಳ್ಳುವವರು ಬಹಳ. ಅಲ್ಲಿ ಮೊದಲೇ ಇರುವ ಬೆಕ್ಕುಗಳು ಅದನ್ನು ಹತ್ತಿರ ಸೇರಿಸುವುದಿಲ್ಲ. ಹೀಗೆ ಸಾಕುಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ, ಅರವತ್ತು ವರ್ಷದ ಹಿಂದಿನ ಮೊತ್ತ ಹಾಗೇ ಉಳಿದಿದೆ. ವಿಷ ಹಾಕಿ ಕೊಲ್ಲುವುದಕ್ಕೆ ಮಾತ್ರ ಶಿಕ್ಷೆ ದೊಡ್ಡದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಐದು ವರ್ಷದ ತನಕ ಜೈಲು ಇದೆ. ಅಕ್ಕಪಕ್ಕದವರು ವಿಷದ ಮಾತಾಡಿದರೆ ಇದನ್ನು ಸಮಾಧಾನದಲ್ಲೇ ತಿಳಿಸಿ.

ಇನ್ನು ಮರಿಗಳು. "ಅನಾಥ ಮರಿ" ಎಂದು ತಂದುಕೊಡುವ ಬಹಳಷ್ಟು ಮರಿಗಳಿಗೆ ತಾಯಿ ಇರುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುವುದಿಲ್ಲವೇ? ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗಬೇಕು. ಮೂರು ಮರಿ ಸಾಗಿಸಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಯಾರೋ ಕರುಣೆಯಿಂದ ಅದನ್ನು ಎತ್ತಿಕೊಂಡು ನಿಮ್ಮಲ್ಲಿಗೆ ಬಂದಿರುತ್ತಾರೆ. ಮರಿ ಬೆಚ್ಚಗಿದೆ, ಹೊಟ್ಟೆ ದುಂಡಗಿದೆ, ಸುಮ್ಮನೆ ಮಲಗಿದೆ ಎಂದಾದರೆ ತಾಯಿ ಹತ್ತಿರದಲ್ಲೇ ಇದೆ. ಮಳೆ, ನಾಯಿ, ವಾಹನದ ಅಪಾಯ ಇಲ್ಲದಿದ್ದರೆ ದೂರ ನಿಂತು ಕೆಲವು ತಾಸು ಕಾಯಲು ಹೇಳಿ. ಮಳೆಯಿದ್ದರೆ ಪಕ್ಕದಲ್ಲೇ ಒಣ ಜಾಗಕ್ಕೆ ಸರಿಸಿದರೆ ಸಾಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ತಣ್ಣಗಾಗಿ, ಕೊಳೆಯಾಗಿ, ಬಿಡದೆ ಅಳುತ್ತಿರುವ ಮರಿಯನ್ನು ಮಾತ್ರ ಕೂಡಲೇ ಎತ್ತಿಕೊಳ್ಳಬೇಕು.

ಹಾಗೆ ಎತ್ತಿಕೊಂಡ ಮರಿಗೆ ಮೊದಲು ಶಾಖ, ಆಮೇಲೆ ಹಾಲು. ಈ ಕ್ರಮ ತಪ್ಪಿದರೆ ಮರಿ ಉಳಿಯುವುದು ಕಷ್ಟ. ಮೂರು-ನಾಲ್ಕು ವಾರದ ತನಕ ಮರಿಗೆ ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲು ಆಗದು. ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ, ಹಾಕಿದ ಹಾಲು ಒಳಗೇ ಕೊಳೆಯುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ, ನಿಧಾನಕ್ಕೆ ಬೆಚ್ಚಗಾಗಲಿ. ಸೆಖೆಯಾದರೆ ಸರಿದುಕೊಳ್ಳಲು ಪೆಟ್ಟಿಗೆಯಲ್ಲಿ ಒಂದು ತಂಪು ಮೂಲೆ ಇರಲಿ. ಬಾಯಿಯೊಳಗೆ ಬೆರಳಿಟ್ಟರೆ ಬೆಚ್ಚಗಿರಬೇಕು. ಆಗ ಹಾಲು.

ಆಕಳ ಹಾಲು ಬೇಡ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಆಕಳ ಹಾಲಿಗಿಂತ ಎರಡು ಪಟ್ಟು ಜಾಸ್ತಿ. ಆಕಳ ಹಾಲು ಕುಡಿಸಿದ ಮರಿಗೆ ಭೇದಿ ಹತ್ತುತ್ತದೆ, ಬೆಳವಣಿಗೆಯೂ ಆಗದು. ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಕಾರವಾರದಲ್ಲಿ ಬೇಕೆಂದ ಕೂಡಲೇ ಸಿಗದೇ ಹೋಗಬಹುದು, ಹಾಗಾಗಿ ಒಂದು ಡಬ್ಬಿ ಮೊದಲೇ ತರಿಸಿಟ್ಟುಕೊಳ್ಳಿ. ಪುಡಿ ಬರುವ ತನಕ ಒಂದು ದಿನದ ಮಟ್ಟಿಗೆ ಆಡಿನ ಹಾಲಿಗೆ ಮೊಟ್ಟೆಯ ಹಳದಿ ಸೇರಿಸಿ ಕೊಡಬಹುದು. ಮರಿಯನ್ನು ಹೊಟ್ಟೆಯ ಮೇಲೆ, ತಾಯಿಯ ಮೊಲೆ ಕುಡಿಯುವ ಹಾಗೆ ಮಲಗಿಸಿ. ಮನುಷ್ಯರ ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲ ವಾರಗಳಲ್ಲಿ ಎರಡು-ಮೂರು ತಾಸಿಗೊಮ್ಮೆ, ರಾತ್ರಿಯೂ ಸೇರಿ. ಪ್ರತಿ ಸಲ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕದೆ ಅಷ್ಟು ಚಿಕ್ಕ ಮರಿ ಮೂತ್ರ ಮಾಡಲಾರದು.

ಅಡುಗೆಮನೆಯ ತೂಕದ ಯಂತ್ರ ಒಂದನ್ನು ಕೊಳ್ಳಿ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ತೂಕ ನಿಂತರೆ ಎಚ್ಚರ, ಇಳಿದರೆ ಡಾಕ್ಟರು. ನಾವು ಕಣ್ಣಲ್ಲಿ ಕಾಣುವ ಒಂದು ದಿನ ಮೊದಲೇ ಯಂತ್ರ ಕಾಯಿಲೆಯನ್ನು ಹೇಳುತ್ತದೆ. ವಯಸ್ಸು ತಿಳಿಯುವುದೂ ಸುಲಭ: ಕಣ್ಣು ಬಿಡುವುದು ಒಂದರಿಂದ ಎರಡು ವಾರದೊಳಗೆ, ಮುಂದಿನ ಹಲ್ಲು ಮೂರನೇ ವಾರ, ಮೆತ್ತಗಿನ ಊಟ ನಾಲ್ಕನೇ ವಾರ. ಎರಡನೇ ವಾರದಿಂದ ಏಳನೇ ವಾರದ ತನಕ ಮನುಷ್ಯರ ಕೈ, ದನಿ ಅಭ್ಯಾಸ ಮಾಡಿಸಿ. ಆ ಹೊತ್ತಿನಲ್ಲಿ ಕಲಿತದ್ದು ಜನ್ಮಪೂರ್ತಿ ಉಳಿಯುತ್ತದೆ.

ಉಳಿದವು ಮಾರ್ಕೆಟ್ಟಿನಲ್ಲಿ, ಬಂದರಿನಲ್ಲಿ ಹುಟ್ಟಿ ಬೆಳೆದ ದೊಡ್ಡ ಬೆಕ್ಕುಗಳು. ಇವನ್ನು ಕೋಣೆಯಲ್ಲಿ ಕೂಡಿಹಾಕುವುದು ಉಪಕಾರವಲ್ಲ. ಚಿಕ್ಕಂದಿನಲ್ಲಿ ಮನುಷ್ಯರ ಕೈ ಕಾಣದ ಬೆಕ್ಕಿಗೆ ನಿಮ್ಮ ಮನೆ ಜೈಲಾಗುತ್ತದೆ. ಇವನ್ನು ಬೋನಿಟ್ಟು ಹಿಡಿದು, ಸಂತಾನಹರಣ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಿ. ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ, ಅದು ಆಪರೇಷನ್ ಆಗಿದೆ ಎಂಬ ಗುರುತು. ಗಂಡಾದರೆ ಮರುದಿನ ಬಿಡಬಹುದು. ಹೆಣ್ಣನ್ನು ಇನ್ನೂ ಒಂದೆರಡು ದಿನ ಇಟ್ಟುಕೊಂಡು ಹೊಲಿಗೆ ನೋಡಿ ಬಿಡಿ.

ನನ್ನನ್ನು ಕೇಳಿದರೆ ನಿಮಗೆ ಬರುವ ದೇಣಿಗೆಯಲ್ಲಿ ದೊಡ್ಡ ಪಾಲು ಇದಕ್ಕೇ ಹೋಗಬೇಕು. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಹುದು. ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬೆದೆಗೆ ಬರಬಲ್ಲದು. ಬೆಕ್ಕು ಬೆದೆಗೆ ಬರುವುದು ಹಗಲಿನ ಬೆಳಕು ನೋಡಿ. ಚಳಿದೇಶಗಳಲ್ಲಿ ಹಗಲು ಗಿಡ್ಡವಾದಾಗ ಅದಕ್ಕೊಂದು ಬಿಡುವು ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಹಗಲು ಅಷ್ಟೊಂದು ಗಿಡ್ಡವಾಗುವುದೇ ಇಲ್ಲ, ಹಾಗಾಗಿ ವರ್ಷವಿಡೀ ಮರಿಗಳು. ಮಾರ್ಕೆಟ್ಟಿನ ಹತ್ತು ಹೆಣ್ಣು ಬೆಕ್ಕುಗಳ ಆಪರೇಷನ್ ಆದರೆ ಮುಂದಿನ ವರ್ಷ ನಿಮ್ಮ ಬಾಗಿಲಿಗೆ ಬರುವ ಮರಿಗಳ ಪೆಟ್ಟಿಗೆಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತವೆ. ಮೀನು ಮಾರುವ ಅಕ್ಕಂದಿರನ್ನು ಜತೆಗೆ ಸೇರಿಸಿಕೊಳ್ಳಿ. ಯಾವ ಬೆಕ್ಕು ಯಾವಾಗ ಬರುತ್ತದೆ, ಯಾವುದು ಗಬ್ಬವಿದೆ, ಎಲ್ಲಿ ಮಲಗುತ್ತದೆ, ಎಲ್ಲವೂ ಅವರಿಗೆ ಗೊತ್ತಿರುತ್ತದೆ. ಅವರ ಕೈಯಿಂದ ಮೀನು ತಿನ್ನುವ ಬೆಕ್ಕು ಅವರಿಟ್ಟ ಬೋನಿಗೆ ಬೇಗ ಬೀಳುತ್ತದೆ.

ಹಿಡಿಯಲು ಒಳ್ಳೆಯ ಹೊತ್ತು ಮೀನುಗಾರಿಕೆ ಬಂದ್ ಇರುವ ಕಾಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬೈತಖೋಲದಲ್ಲಿ, ತದಡಿಯಲ್ಲಿ ದಡದ ಮೇಲೆ ಬೀಳುವ ಮೀನು ನಿಂತುಹೋಗುತ್ತದೆ. ಹಸಿದ ಬೆಕ್ಕು ಬೋನಿನೊಳಗೆ ಬೇಗ ಬರುತ್ತದೆ. ಆದರೆ ಅದೇ ಎರಡು ತಿಂಗಳು ಅವು ನಿಜವಾಗಿ ಹಸಿದಿರುತ್ತವೆ, ಹಾಗಾಗಿ ದಿನಕ್ಕೊಂದು ಹೊತ್ತು ಊಟ ಹಾಕುವ ಏರ್ಪಾಡು ಮಾಡಿ. ತುಂಬಾ ಸೊರಗಿದ ಬೆಕ್ಕಿಗೆ ಒಮ್ಮೆಲೇ ಹೊಟ್ಟೆ ತುಂಬಾ ಹಾಕಬೇಡಿ. ಉಪವಾಸದಲ್ಲಿದ್ದ ಮೈ ಒಮ್ಮೆಲೇ ಬಂದ ಊಟವನ್ನು ತಡೆಯದು, ರಕ್ತದಲ್ಲಿನ ಲವಣಗಳು ಏರುಪೇರಾಗಿ ಪ್ರಾಣ ಹೋಗಬಹುದು. ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ.

ಊಟದ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ಕಾರವಾರದಲ್ಲಿ ಬೆಕ್ಕಿಗೆ ಊಟವೆಂದರೆ ಹಸಿ ಮೀನಿನ ತಲೆ, ಕರುಳು. ಕೆಲವು ಜಾತಿಯ ಹಸಿ ಮೀನಿನಲ್ಲಿ, ಅದರ ಕರುಳಿನಲ್ಲಿ ಬಿ1 ವಿಟಮಿನ್ ಒಡೆದುಹಾಕುವ ಅಂಶ ಇರುತ್ತದೆ. ದಿನವೂ ಅದನ್ನೇ ತಿಂದ ಬೆಕ್ಕು ತೂರಾಡುತ್ತದೆ, ಕತ್ತು ಎದೆಯ ಕಡೆ ಬಾಗುತ್ತದೆ, ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಅಂಶ ಹೋಗುತ್ತದೆ. ಆದರೆ ತಾರ್ಲೆಯಂಥ ಎಣ್ಣೆ ಮೀನನ್ನು ಬೇಯಿಸಿಯಾದರೂ ದಿನವೂ ಅದೊಂದನ್ನೇ ಹಾಕಿದರೆ ವಿಟಮಿನ್ ಇ ಸಾಲದೆ ಮೈಯ ಕೊಬ್ಬಿಗೆ ಉರಿಯೂತ ಬರುತ್ತದೆ, ಮುಟ್ಟಿದರೆ ಬೆಕ್ಕು ನೋವಿನಿಂದ ಕೂಗುತ್ತದೆ. ಬೇಯಿಸಿದ ಮೀನು ಎರಡು-ಮೂರು ದಿನ, ಉಳಿದ ದಿನ ಕೋಳಿ, ಕೋಳಿಯ ಲಿವರ್ ಸ್ವಲ್ಪ, ಮೊಟ್ಟೆ, ಸಾಧ್ಯವಾದಷ್ಟು ಬೆಕ್ಕಿನ ರೆಡಿ ಆಹಾರ.

ಈಗ ಶಿರಸಿಯ ತೋಟದ ಮನೆ. ಕೊಡಬಹುದು, ಮತ್ತು ಕೆಲವು ಬೆಕ್ಕುಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಜನರ ಮಡಿಲು ಬೇಡದ, ಆದರೆ ಮನೆಯ ಸುತ್ತ ಓಡಾಡಿಕೊಂಡು ಇರಬಲ್ಲ ಬೆಕ್ಕನ್ನು ಆರಿಸಿ. ಕಪಾಟಿನ ಹಿಂದಿನದನ್ನು ಕೊಡಬೇಡಿ, ಅದು ಒಳಮನೆಯ ಬೆಕ್ಕು. ಒಂದರ ಬದಲು, ಒಂದಕ್ಕೊಂದು ಒಗ್ಗಿಕೊಂಡಿರುವ ಎರಡನ್ನು ಕೊಡಿ. ಆಪರೇಷನ್, ಲಸಿಕೆ ಮುಗಿಸಿಯೇ ಕೊಡಿ, ಆಮೇಲೆ ಮಾಡಿಸುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ.

ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಇಲಿ ಪಾಷಾಣ ಇಡುತ್ತೀರಾ ಎಂಬುದು. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುತ್ತದೆ. ಬೆಕ್ಕು ಬೇಕಾದರೆ ಪಾಷಾಣ ಬಿಡಬೇಕು. ಎರಡನೆಯದು, ರಾತ್ರಿ ಎಲ್ಲಿ ಇಡುತ್ತೀರಿ? ಕಾಡಿನಂಚಿನ ಮನೆಯಾದರೆ ಚಿರತೆಯ ಓಡಾಟ ಇರುತ್ತದೆ, ಕತ್ತಲಾದ ಮೇಲೆ ಬೆಕ್ಕು ಅಟ್ಟದಲ್ಲೋ ಉಗ್ರಾಣದಲ್ಲೋ ಇರಬೇಕು. ಮೂರನೆಯದು, ಏನು ತಿನ್ನಲು ಕೊಡುತ್ತೀರಿ? ಹವ್ಯಕರ ಮನೆಯಾದರೆ ಹಾಲನ್ನ, ಮಜ್ಜಿಗೆ ಅನ್ನ ಎನ್ನುತ್ತಾರೆ. ನಮ್ಮ ಮನೆಯ ಬೆಕ್ಕುಗಳು ತಲೆಮಾರುಗಳಿಂದ ಅದನ್ನೇ ತಿಂದು ಬದುಕಿವೆ ಎಂದೂ ಹೇಳುತ್ತಾರೆ. ಅದು ನಿಜ, ಆದರೆ ಅವು ಬದುಕಿದ್ದು ಅಟ್ಟದ ಇಲಿ, ಹಲ್ಲಿ, ತೋಟದ ಓತಿಕ್ಯಾತಗಳಿಂದ. ಬೆಕ್ಕಿಗೆ ಟೌರಿನ್ ಎಂಬ ಅಂಶ ಊಟದಿಂದಲೇ ಸಿಗಬೇಕು, ಅದು ಇರುವುದು ಮಾಂಸದಲ್ಲಿ. ಅನ್ನದಲ್ಲಿ ಇಲ್ಲ, ಹಾಲಿನಲ್ಲಿ ಇರುವುದು ಸಾಲದು. ಟೌರಿನ್ ಕಡಿಮೆಯಾದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಈ ಹೃದಯದ ಕಾಯಿಲೆಗೆ ಟೌರಿನ್ ಕೊರತೆಯೇ ಕಾರಣವೆಂದು 1987ರಲ್ಲಿ ಗೊತ್ತಾಯಿತು. ಮಾಂಸ ಮುಟ್ಟದ ಮನೆಯವರೂ ಬೆಕ್ಕಿನ ಒಣ ಆಹಾರದ ಚೀಲ ತಂದಿಡಲು ಹೆಚ್ಚಾಗಿ ಒಪ್ಪುತ್ತಾರೆ. ಒಪ್ಪಿದರೆ ಕೊಡಿ. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬ ಭಯ ಬೇಡ, ಬೇಟೆಯ ಗುಣ ಹಸಿವಿನಿಂದ ಬರುವುದಲ್ಲ.

ಕಳಿಸುವಾಗ ಅದು ಮಲಗುತ್ತಿದ್ದ ಬಟ್ಟೆಯನ್ನೂ ಜತೆಗೆ ಕೊಡಿ. ಘಾಟಿಯಲ್ಲಿ ಬೆಕ್ಕು ವಾಂತಿ ಮಾಡಬಹುದು, ಹೊರಡುವ ಕೆಲವು ತಾಸು ಮೊದಲು ದೊಡ್ಡ ಬೆಕ್ಕಿಗೆ ಊಟ ನಿಲ್ಲಿಸಿ. ಹೋದ ಮೇಲೆ ಮೂರರಿಂದ ನಾಲ್ಕು ವಾರ ಉಗ್ರಾಣದಲ್ಲಿ ಬಾಗಿಲು ಹಾಕಿಯೇ ಇಟ್ಟುಕೊಳ್ಳಲಿ. ಅಲ್ಲೇ ಊಟ, ಅಲ್ಲೇ ಮರಳಿನ ತಟ್ಟೆ. ಊಟದ ಹೊತ್ತಿಗೆ ಒಂದೇ ಬಗೆಯ ಕೂಗು ಹಾಕಿ ಕರೆಯಲಿ. ಮೊದಲ ದಿನವೇ ಅಂಗಳಕ್ಕೆ ಬಿಟ್ಟರೆ ಬೆಕ್ಕು ಹಳೆಯ ಜಾಗ ಹುಡುಕಿಕೊಂಡು ತೋಟ ದಾಟಿ ಹೊರಟುಬಿಡುತ್ತದೆ, ಮತ್ತೆ ಸಿಗುವುದಿಲ್ಲ. ತಿಂಗಳ ಮೇಲೆ ಒಂದು ಸಂಜೆ, ಊಟಕ್ಕೆ ಸ್ವಲ್ಪ ಮೊದಲು ಬಾಗಿಲು ತೆರೆಯಲಿ.

ಒಳಗಿನ ಹೆದರಿದ ಬೆಕ್ಕುಗಳಿಗೂ ಆತುರ ಬೇಡ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರಿ. ನೇರ ದಿಟ್ಟಿಸಬೇಡಿ. ಬೆಕ್ಕು ನೋಡಿದಾಗ ಕಣ್ಣನ್ನು ನಿಧಾನಕ್ಕೆ ಅರೆಮುಚ್ಚಿ ತೆರೆಯಿರಿ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಹೀಗೆ ಮಾಡಿದ ಅಪರಿಚಿತರ ಹತ್ತಿರಕ್ಕೂ ಬೆಕ್ಕುಗಳು ಹೆಚ್ಚಾಗಿ ಬಂದವು. ಖರ್ಚಿಲ್ಲದ ಕೆಲಸ, ಮಕ್ಕಳೂ ಮಾಡಬಹುದು.

ಕೊನೆಗೆ ನಿಮ್ಮ ನಾಲ್ವರ ಮೈ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಮೇಲೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ. ಕಚ್ಚಿದರೆ, ಪರಚಿ ರಕ್ತ ಬಂದರೆ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಶುರು ಮಾಡಿ. ನಾಯಿ ಕಚ್ಚಿದ್ದಲ್ಲವಲ್ಲ ಎಂದು ಬಿಡಬೇಡಿ. ದಿನವೂ ಬೀದಿ ಬೆಕ್ಕು ಹಿಡಿಯುವ ನಿಮ್ಮಂಥವರು ಕಚ್ಚುವ ಮೊದಲೇ ತೆಗೆದುಕೊಳ್ಳುವ ಇಂಜೆಕ್ಷನ್ನೂ ಇದೆ: ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ. ನಾಲ್ವರೂ ತೆಗೆದುಕೊಳ್ಳಿ. ನಿಮ್ಮಲ್ಲಿ ಯಾರಾದರೂ ಬಸುರಿಯಾಗಿದ್ದರೆ ಬೆಕ್ಕುಗಳಿಂದ ದೂರ ಇರಬೇಕಿಲ್ಲ, ಮರಳಿನ ತಟ್ಟೆಯ ಕೆಲಸ ಮಾತ್ರ ಬೇರೆಯವರು ಮಾಡಲಿ, ಮತ್ತು ಅದನ್ನು ದಿನವೂ ತೆಗೆಯಲಿ. ಟೊಕ್ಸೊಪ್ಲಾಸ್ಮಾ ಎಂಬ ಸೋಂಕು ಅಂಟುವ ಸ್ಥಿತಿಗೆ ಬರಲು ಬೆಕ್ಕಿನ ಹೇಲಿಗೆ ಕನಿಷ್ಠ ಒಂದು ದಿನ ಬೇಕು, ಅಷ್ಟರೊಳಗೆ ತೆಗೆದರೆ ಭಯವಿಲ್ಲ.

ಈ ವಾರ ಮೂರು ಕೆಲಸ ಮಾಡಿ. ಕಪಾಟಿನ ಹಿಂದಿನ ಬೆಕ್ಕಿಗೆ ಬೇರೆ ಕೋಣೆ, 22ಕ್ಕೂ ಲಸಿಕೆಯ ಏರ್ಪಾಡು, ಹೊಸ ಮರಿಗಳನ್ನು ತೆಗೆದುಕೊಳ್ಳುವುದು ಎರಡು ವಾರ ಪೂರ್ತಿ ಬಂದ್. ತಂದುಕೊಡುವವರಿಗೆ ಪೆಟ್ಟಿಗೆ, ಹಾಲಿನ ಪುಡಿ, ನಿಮ್ಮ ಫೋನ್ ನಂಬರ್ ಕೊಟ್ಟು ಅವರ ಮನೆಯಲ್ಲೇ ಇಟ್ಟುಕೊಳ್ಳಲು ಕೇಳಿ. ಕೆಲವರು ಖಂಡಿತ ಒಪ್ಪುತ್ತಾರೆ.